ಶಾಕವ್ರತ ಮುಗಿದ ಮೇಲೆ

“ಸಪ್ಪಳ ಎಲ್ಲಿ ಹೋತು?”

ರಘೂತ್ತಮ ಕೇಳಿದ್ದು ಯಾರನ್ನೂ ಅಲ್ಲ. ದೇವರಮನೆಯಲ್ಲಿ ಅವನೊಬ್ಬನೇ ಇದ್ದ. ಎದುರಿಗೆ ಸಾಲಿಗ್ರಾಮದ ಸಂಪುಟ, ಒಂದು ದೀಪ, ತೇದಿಟ್ಟ ಗಂಧ. ಬೆಳಗಿನ ಪಾರಾಯಣದಲ್ಲಿ ಒಂದು ಶ್ಲೋಕ ಮುಗಿಸಿ ಮುಂದಿನದನ್ನು ಎತ್ತಿಕೊಳ್ಳುವ ಮೊದಲು ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಇರುತ್ತದಲ್ಲ, ಆ ಬಿಡುವಿನಲ್ಲಿ ಈ ಮುಂಗಾರಿನಿಂದ ಈಚೆಗೆ ಒಂದು ಸಣ್ಣ ಸಪ್ಪಳ ಬಂದು ಕೂತಿತ್ತು. ಟಿಕ್, ಟಿಕ್. ಹೊಸ್ತಿಲಿನ ಆಚೆ ಗೋಡೆಗೆ ಬೆನ್ನು ಕೊಟ್ಟು ಪಾರಾಯಣ ಕೇಳುವ ಹೆಂಡತಿ ನರ್ಮದೆಯ ಎದೆಯಿಂದ ಬರುವ ಸಪ್ಪಳ. ಅವನ ನಾಲಿಗೆ ತನಗೇ ತಿಳಿಯದೆ ಅದರ ತಾಳಕ್ಕೆ ಹೊಂದಿಕೊಂಡಿತ್ತು. ಇವತ್ತು ಆ ಬಿಡುವಿನಲ್ಲಿ ಏನೂ ಇರಲಿಲ್ಲ.

ಹೊರಳಿ ನೋಡಿದ. ನರ್ಮದೆ ಅಲ್ಲೇ ಇದ್ದಳು. ಕಣ್ಣು ಮುಚ್ಚಿತ್ತು. ಒಂದೊಂದು ಉಸಿರಿಗೂ ಭುಜಗಳು ಮೇಲೇಳುತ್ತಿದ್ದವು.

“ಯಾಕ ನಿಲ್ಲಿಸಿದ್ರಿ?” ಎಂದಳು ಕಣ್ಣು ತೆರೆಯದೆ. “ಅರ್ಧಕ್ಕ ಬಿಡಬಾರದು.”

“ಎದಿ ಹೆಂಗದ?”

“ಮಲಗಿದ್ರ ಉಸುರು ಸಿಗವಲ್ದು. ಕೂತ್ರ ಬೇಶ್ ಅನಸ್ತದ. ಬೆಳತನಕ ಕೂತೇ ಇದ್ದೆ. ನಿಮ್ಮ ನಿದ್ದಿ ಯಾಕ ಕೆಡಸಬೇಕು ಅಂತ…”

ಮಡಿಯಲ್ಲಿದ್ದವನು ಮಡಿಯನ್ನು ಮರೆತು ಹೊಸ್ತಿಲು ದಾಟಿದ. ಅವಳ ಎದೆಗೆ ಕಿವಿಯಿಟ್ಟ. ಒಳಗೆ ಸಪ್ಪಳವಿತ್ತು, ಆದರೆ ಅದು ನಿನ್ನೆಯದಲ್ಲ. ಒದ್ದೆ ಅರಿವೆಯ ಮೇಲೆ ಬೆರಳು ಬಡಿದ ಹಾಗೆ, ದೂರದಿಂದ, ಮಂದವಾಗಿ ಕೇಳುತ್ತಿತ್ತು.

ನರ್ಮದೆ ವಾಡಿಯ ಹತ್ತಿರದ ರಾವೂರಿನವಳು. ಹುಡುಗಿಯಾಗಿದ್ದಾಗ ಗಂಟಲು ನೋವು ಬಂದು ಹೋಗಿತ್ತು. ಅದರ ಹಿಂದೆಯೇ ಮೊಣಕಾಲು ಮೊಣಕೈ ಬಾತವು. ಬಾವು ಇಳಿದದ್ದನ್ನು ಕಂಡು ಮನೆಯವರು ಬೇನೆ ಹೋಯಿತೆಂದರು. ಹೋಗುವಾಗ ಅದು ಹೃದಯದ ಎಡಗಡೆಯ ಬಾಗಿಲನ್ನು ಕೆಡಿಸಿ ಹೋಗಿತ್ತು. ಅದು ತಿಳಿದದ್ದು ಮದುವೆಯಾಗಿ, ಮಗಳು ಪ್ರಮಿತಾ ಹುಟ್ಟಿ, ಆ ಮಗಳು ಸಾಲೆಗೆ ಹೋಗುವಂತಾದ ಮೇಲೆ. ತುಂಬಿದ ಕೊಡ ಎತ್ತಲಾರದೆ ನರ್ಮದೆ ನಳದ ಕಟ್ಟೆಯ ಮೇಲೆ ಕೂತುಬಿಟ್ಟ ದಿನ. ಬಾಗಿಲಿನ ತೆಳ್ಳನೆಯ ಎಲೆಗಳು ದಪ್ಪವಾಗಿ, ಒಂದಕ್ಕೊಂದು ಅಂಟಿ, ರಕ್ತಕ್ಕೆ ದಾರಿ ಬಿಡುತ್ತಿರಲಿಲ್ಲ. ಜ್ಯೇಷ್ಠದಲ್ಲಿ ಹೈದರಾಬಾದಿನ ಒಂದು ದವಾಖಾನೆಯಲ್ಲಿ ಎದೆ ತೆರೆದು ಆ ಬಾಗಿಲನ್ನು ತೆಗೆದರು. ಅದರ ಜಾಗದಲ್ಲಿ ಒಂದು ಪುಟ್ಟ ಬಳೆಯನ್ನು ಹೊಲಿದರು. ಬಳೆಯೊಳಗೆ ಒಂದು ಬಿಲ್ಲೆ. ಮೇಲಿನಿಂದ ರಕ್ತ ಬಂದರೆ ಬಿಲ್ಲೆ ವಾಲಿ ದಾರಿ ಕೊಡುತ್ತದೆ. ಕೆಳಗಿನಿಂದ ಹೊಳ್ಳಿ ನೂಕಿದರೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗಲೆಲ್ಲ ಟಿಕ್.

ಇದನ್ನು ಮನೆಯವರಿಗೆ ಬಿಡಿಸಿ ಹೇಳಿದವನು ಧರ್ಮಣ್ಣ. ರಘೂತ್ತಮ ಸೇಡಮ್ಮಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ. ಆಡಕಿ ಎಂಬ ಊರಿನ ಧರ್ಮಣ್ಣ ಅದೇ ಸಾಲೆಯಲ್ಲಿ ವಿಜ್ಞಾನ. ನರ್ಮದೆ ದವಾಖಾನೆಯಿಂದ ಬಂದ ವಾರ ಅವನು ಪಡಸಾಲೆಯಲ್ಲಿ ಕೂತು ನೆಲದ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದ್ದ.

“ನೋಡ್ರಿ ವೈನಿ, ಹೃದಯ ಅಂದ್ರ ನಾಕು ಖೋಲಿ. ಮ್ಯಾಲ ಎರಡು, ಕೆಳಗ ಎರಡು. ಬಲಗಡಿ ಖೋಲಿ ರಕ್ತಾನ ಶ್ವಾಸಕೋಶಕ್ಕ ಕಳಸ್ತಾವ. ಅಲ್ಲಿ ಗಾಳಿ ತುಂಬಕೊಂಡು ಎಡಗಡಿ ಖೋಲಿಗೆ ಬರತದ, ಅಲ್ಲಿಂದ ಮೈಗೆಲ್ಲಾ. ನಡುವಿನ ಬಾಗಲಾ ಒಂದೇ ದಿಕ್ಕಿಗೆ ತಗೀತಾವ. ನಮ್ಮ ಹೆಡ್‌ಮಾಸ್ತರಿಗೆ ಕೊಟ್ಟ ರಜಾ ಅರ್ಜಿ ಇದ್ದಂಗ. ಒಳಗ ಹೋದದ್ದು ಹೊಳ್ಳಿ ಬರಂಗಿಲ್ಲ.”

“ಮೈಯೆಲ್ಲಾ ಸುತ್ತಿ ಬರಲಿಕ್ಕೆ ಎಷ್ಟೊತ್ತು ಬೇಕಾಗ್ತದರಿ?” ಎಂದು ನರ್ಮದೆ ಕೇಳಿದ್ದಳು.

“ನಮ್ಮ ಆಚಾರ್ರು ಒಂದೆರಡು ಶ್ಲೋಕ ಅನ್ನೋದರಾಗ ಒಂದು ಸುತ್ತು,” ಎಂದು ಧರ್ಮಣ್ಣ ರಘೂತ್ತಮನ ಕಡೆ ಕೈ ತೋರಿಸಿದ್ದ.

“ಅಂದ್ರ ಪ್ರದಕ್ಷಿಣಿ.”

“ಹಂಗೇ ಅನ್ರಿ. ಇನ್ನೊಂದು ಮಾತು ಅದ. ರಕ್ತಾನೂ ನಿಮ್ಮ ಅತ್ತಿಯವರಂಗ ಭಾಳ ಮಡಿ. ಹೊರಗಿಂದು ಏನರ ಮುಟ್ತು ಅಂದ್ರ ಅಲ್ಲೇ ಗಡ್ಡಿ ಕಟ್ಟಿ ಕುಂದರತದ. ಈ ಬಿಲ್ಲೆ ಹೊರಗಿಂದು. ಅದಕ್ಕ ದಿನಾ ಗುಳಿಗಿ.”

ಒಳಗಿನಿಂದ ಅತ್ತೆ ದ್ರೌಪದಿಬಾಯಿಯ ದನಿ ಬಂದಿತ್ತು. “ಕೇಳಸ್ತಪಾ ಧರ್ಮಣ್ಣ.”

“ಕೇಳಲಿ ಅಂತನೇ ಅಂದೇನ್ರಿ ಅವ್ವಾರ.”

ಎಲ್ಲರೂ ನಕ್ಕಿದ್ದರು. ದ್ರೌಪದಿಬಾಯಿ ಅವನಿಗೆ ಚಹಾ ಕೊಟ್ಟು, ಬಟ್ಟಲನ್ನು ತಾವೇ ತೊಳೆದಿಟ್ಟಿದ್ದರು. ಮಗನ ಗೆಳೆಯ ತಮ್ಮ ಸೊಸೆಯ ಸಲುವಾಗಿ ಹೈದರಾಬಾದಿನಲ್ಲಿ ಎರಡು ಬಾಟಲಿ ರಕ್ತ ಹೊಂದಿಸಿದ್ದನ್ನು, ಅದರಲ್ಲಿ ಒಂದು ಅವನದೇ ಮೈಯದೆಂಬುದನ್ನು, ಅವರು ಮರೆತಿರಲಿಲ್ಲ.

ಈಗ ಅದೇ ದ್ರೌಪದಿಬಾಯಿ ಖುರ್ಷಿದಬೇಗಂ ಡಾಕ್ಟರರ ದವಾಖಾನೆಯ ಬೆಂಚಿನ ತುದಿಯಲ್ಲಿ, ಯಾರಿಗೂ ತಗುಲದಂತೆ ಸೆರಗು ಒತ್ತಿ ಹಿಡಿದು ಕೂತಿದ್ದರು. ಡಾಕ್ಟರು ನರ್ಮದೆಯ ಎದೆಯ ಮೇಲೆ, ಬೆನ್ನಿನ ಮೇಲೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಿವಿಯಿಂದ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೇಳಿದರು.

“ಗುಳಿಗಿ ತಪ್ಪಿಸೀರೇನವ್ವ?”

ನರ್ಮದೆ ಇಲ್ಲವೆಂದು ತಲೆಯಾಡಿಸಿದಳು. ರಘೂತ್ತಮ ಹೇಳಿದ, “ಒಂದು ದಿನಾನೂ ಇಲ್ರಿ. ನಾನೇ ಕೈಯಾಗ ಕೊಡತೀನಿ.”

“ರಕ್ತ ಯಾವಾಗ ತೋರಿಸಿದ್ರಿ?”

“ಗುಲಬರ್ಗಾದಾಗ, ಹೋದ ತಿಂಗಳು. ಬರೋಬ್ಬರಿ ಅದ, ಹಿಂಗೇ ನಡಸ್ರಿ, ಮುಂದಿನ ತಿಂಗಳು ಬರ್ರಿ ಅಂದ್ರು.”

“ಊಟ?”

ಈ ಮಾತಿಗೆ ದ್ರೌಪದಿಬಾಯಿ ಮುಂದೆ ಸರಿದರು. ಸೊಸೆಯ ಊಟ ಅವರ ಕೆಲಸ. “ಮಗಳಂಗ ನೋಡಕೊಂಡೀನ್ರಿ ಡಾಕ್ಟರಬಾಯಿ. ಶಾಕವ್ರತದಾಗ ಪಾಪ ತಿಂಗಳು ಪೂರಾ ಸಪ್ಪಗ ಉಂಡಾಳ. ವ್ರತ ಮುಗದ ಮರುದಿನದಿಂದ ಎರಡೂ ಹೊತ್ತು ಪಲ್ಯಾ ಮಾಡಿ ಹಾಕ್ಲಿಕತ್ತೀನಿ. ಪುಂಡಿ, ರಾಜಗಿರಿ, ಮೆಂತೆ, ಪಾಲಕ. ಮಾರಿ ನೋಡ್ರಿ ಹೆಂಗ ಬಿಳಚೇದ. ರಕ್ತ ಆಗಲಿ ಅಂತ.”

ಖುರ್ಷಿದಬೇಗಂ ಅವರ ಕೈ ನಿಂತಿತು. “ಶಾಕವ್ರತ ಅಂದ್ರ?”

ಚಾತುರ್ಮಾಸ್ಯದ ಮೊದಲನೆಯ ತಿಂಗಳು, ಆಷಾಢದ ಏಕಾದಶಿಯಿಂದ ಮುಂದೆ, ಈ ಮನೆಯೊಳಗೆ ಕಾಯಿಪಲ್ಯ ಬರುವುದಿಲ್ಲ, ಸೊಪ್ಪು ಬರುವುದಿಲ್ಲ. ಅನ್ನ, ಹೆಸರುಬೇಳೆ, ಮೆಣಸು, ಹಾಲು, ಮೊಸರು. ದ್ರೌಪದಿಬಾಯಿಯ ಅತ್ತೆಯ ಅತ್ತೆಯೂ ಹಾಗೆಯೇ ಉಂಡವರು. ಹೇಳಬೇಕಾದ ಸಂಗತಿ ಅದು ಎಂದು ಯಾರಿಗೂ ಅನ್ನಿಸಿರಲಿಲ್ಲ. ಗುಲಬರ್ಗಾದ ಡಾಕ್ಟರು ಗುಳಿಗೆಯ ಅಳತೆ ಕೂಡಿಸುತ್ತಿದ್ದದ್ದು ಆ ತಿಂಗಳಲ್ಲೇ. ಸೊಪ್ಪು ತಿನ್ನುತ್ತಾರೆಯೇ ಎಂದು ಅವರು ಕೇಳಿಯೂ ಇದ್ದರು. “ನಮ್ಮ ಮನ್ಯಾಗ ಸೊಪ್ಪು ಒಳಗೇ ಬರಂಗಿಲ್ರಿ,” ಎಂದು ದ್ರೌಪದಿಬಾಯಿ ಹೆಮ್ಮೆಯಿಂದ ಹೇಳಿದ್ದರು. ಅವತ್ತಿಗೆ ಅದು ನಿಜವೇ ಆಗಿತ್ತು.

ರಘೂತ್ತಮ ಇದನ್ನು ಹೇಳುತ್ತ ಹೇಳುತ್ತ ತಾನೇ ನಡುವೆ ನಿಂತ. ಎಲ್ಲಿಗೆ ಮುಟ್ಟುತ್ತಿದ್ದೇನೆಂದು ಅವನಿಗೆ ಕಾಣತೊಡಗಿತ್ತು.

ಡಾಕ್ಟರು ದನಿ ತಗ್ಗಿಸಿ ಹೇಳಿದರು. “ರಕ್ತ ಹೆಪ್ಪು ಹಿಡೀಲಿಕ್ಕ ಒಂದು ಜೀವಸತ್ವ ಬೇಕಾಗ್ತದ. ಅದು ಹಸರು ಪಲ್ಯದಾಗ ಭಾಳ. ಗುಳಿಗಿ ಅದರ ಕೈ ಕಟ್ಟತದ. ಪಲ್ಯಾ ಇಲ್ಲದ ತಿಂಗಳದಾಗ ಎಷ್ಟು ಗುಳಿಗಿ ಸಾಕು ಅಂತ ಅಳದಾರ. ಆಮ್ಯಾಲ ಪಲ್ಯಾ ಬಂತು. ಗುಳಿಗಿ ಅಷ್ಟೇ ಉಳೀತು.”

“ಅಂದ್ರ ನಾ ಹಾಕಿದ್ದು…” ಎಂದರು ದ್ರೌಪದಿಬಾಯಿ.

“ಅದನ್ನ ಈಗ ಮಾತಾಡೂದು ಬ್ಯಾಡ್ರಿ ಅಮ್ಮ. ಬಿಲ್ಲೆ ಮ್ಯಾಲ ಗಡ್ಡಿ ಕೂತದ. ಬಾಗಲಾ ಪೂರಾ ತಗೀಲಿಕತ್ತಿಲ್ಲ. ಹಿಂದ ರಕ್ತ ನಿಂತು ಶ್ವಾಸಕೋಶದಾಗ ನೀರು ಇಳೀಲಿಕತ್ತದ. ಅದಕ್ಕೇ ಮಲಗಲಿಕ್ಕೆ ಆಗವಲ್ದು.”

ನೀರು ಇಳಿಸುವ ಇಂಜೆಕ್ಷನ್ ಕೊಟ್ಟು, ಹೈದರಾಬಾದಿಗೆ ಫೋನು ಹಚ್ಚಿ, ಇಂಗ್ಲಿಷು ಉರ್ದು ಕೂಡಿಸಿ ಮಾತಾಡಿದರು. ಗಡ್ಡೆ ಕರಗಿಸುವ ಔಷಧ ಅಲ್ಲಿದೆ, ಕರಗದಿದ್ದರೆ ಮತ್ತೆ ಎದೆ ತೆರೆಯುವವರೂ ಅಲ್ಲಿದ್ದಾರೆ. ಸೇಡಮ್ಮಿನಲ್ಲಿ ಎರಡೂ ಇಲ್ಲ. ಮಳೆಗೆ ಹೈದರಾಬಾದಿನ ದಾರಿಯಲ್ಲಿ ತಾಂಡೂರಿನ ತನಕ ರಸ್ತೆ ಕಿತ್ತುಹೋಗಿದೆ, ಜೀಪಿನ ಎತ್ತಾಟ ಈ ಜೀವ ತಡೆಯುವುದಿಲ್ಲ. ಸಿಕಂದರಾಬಾದಿನ ಪ್ಯಾಸೆಂಜರ್ ಬರುವ ಹೊತ್ತಾಗಿದೆ.

“ಮಲಗಸಬ್ಯಾಡ್ರಿ, ಕುಂದರಿಸಿಕೊಂಡೇ ಹೋಗ್ರಿ. ನೀರು ಭಾಳ ಕೊಡಬ್ಯಾಡ್ರಿ. ರಘೂತ್ತಮ ಸರ್, ಒಂದು ಕೆಲಸ ನಿಮ್ಮದು.” ಅವನನ್ನು ಬಾಗಿಲ ತನಕ ಕರೆದೊಯ್ದರು. “ಆ ಸಪ್ಪಳಾ ನನಗಿಂತ ನಿಮ್ಮ ಕಿವಿಗೆ ಗೊತ್ತದ. ತಾಂಡೂರು ಮುಟ್ಟೋ ಮೊದಲು ಕೇಳ್ರಿ. ಎಷ್ಟು ಸಣ್ಣದರೆ ಆಗಲಿ, ಟಿಕ್ ಅಂತಿದ್ರ ಬಿಲ್ಲೆ ಅಲುಗಾಡ್ಲಿಕತ್ತದ ಅಂತ ತಿಳೀರಿ. ಎಲ್ಲೂ ಇಳೀಬ್ಯಾಡ್ರಿ, ಸೀದಾ ಹೋಗ್ರಿ. ಪೂರಾ ನಿಂತಿದ್ರ ಹೈದ್ರಾಬಾದ ತನಕ ತಡಿಯಂಗಿಲ್ಲ. ತಾಂಡೂರಿನಾಗ ಇಳಸ್ರಿ. ನನ್ನ ಜೋಡಿ ಓದಿದವರು ಒಬ್ರು ಅಲ್ಲಿದ್ದಾರ, ಹೇಳಿಡತೀನಿ. ಆಕ್ಸಿಜನ್ ಕೊಟ್ಟು ಜೀವಾ ಹಿಡದು ನೋಡ್ತಾರ.”

“ತಪ್ಪಿ ಇಳಸಿದ್ರ?”

“ಹೊತ್ತು ಹೋಗತದ. ಆಕಿ ಹತ್ರ ಹೊತ್ತಿಲ್ಲ.”

ಚೀಲ ತರಲೆಂದು ಮನೆಗೆ ಹೋದರು. ಅಡಿಗೆಮನೆಯಲ್ಲಿ ಬುಟ್ಟಿಯ ತುಂಬ ಸೋಸಿಟ್ಟ ರಾಜಗಿರಿ ಇತ್ತು. ದ್ರೌಪದಿಬಾಯಿ ಅದನ್ನು ದಾಟಿಕೊಂಡು ದೇವರಮನೆಗೆ ಹೋದರು. ಕಾಶಿಯಿಂದ ತಂದ, ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಯನ್ನು ಮೇಲಿನ ಗೂಡಿನಿಂದ ತೆಗೆದರು. ಮನೆಯಲ್ಲಿ ಯಾರದಾದರೂ ಕೊನೆಯ ಗಳಿಗೆಗೆಂದು ಇಟ್ಟ ಗಂಗೆ. ರಘೂತ್ತಮನ ತಂದೆಯ ಕೊನೆಗೆ ಒಂದು ಗಿಂಡಿಯ ಬಾಯಿ ಒಡೆದಿದ್ದರು. ಇದು ತನಗಿರಲಿ ಎಂದು ಮುದುಕಿ ಕಾಯ್ದುಕೊಂಡದ್ದು. ಎರಡು ದಳ ತುಳಸಿಯೊಂದಿಗೆ ಅರಿವೆಯಲ್ಲಿ ಸುತ್ತಿ ಅದನ್ನು ಸೊಸೆಯ ಸೀರೆಗಳ ನಡುವೆ ಇಟ್ಟರು. ರಘೂತ್ತಮ ನೋಡಿದ. ನೋಡಿಯೂ ಚೀಲದ ಬಾಯಿ ಕಟ್ಟಿದ. ಮನೆಯ ಮುಂದೆ ಆಟೋದಲ್ಲಿ ಒರಗಿ ಕೂತಿದ್ದ ನರ್ಮದೆಗೆ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿದೆಯೆಂದು ಅವನಿಗೆ ಹೊಳೆಯಲಿಲ್ಲ.

“ಪ್ರಮಿತಾ ಸಾಲಿಂದ ಬಂದ್ರ ಏನ ಹೇಳ್ಲಿ?” ಎಂದು ದ್ರೌಪದಿಬಾಯಿ ಕೇಳಿದರು. ರಘೂತ್ತಮ ಚೀಲವನ್ನು ಹೆಗಲಿಗೇರಿಸಿ ಆಟೋದ ಕಡೆ ನಡೆದ.

ಸುದ್ದಿ ತಿಳಿದು ಧರ್ಮಣ್ಣ ಸಾಲೆಯಿಂದ ಸೀದಾ ಸ್ಟೇಷನ್ನಿಗೆ ಬಂದಿದ್ದ. ಅಂಗಿಯ ಮೇಲೆ ಸೀಮೆಸುಣ್ಣದ ಪುಡಿ ಹಾಗೆಯೇ ಇತ್ತು. ನರ್ಮದೆಯನ್ನು ಸ್ಟೇಷನ್ನಿನ ಕುರ್ಚಿಯ ಮೇಲೆ ಕೂರಿಸಿ, ಗೆಳೆಯರಿಬ್ಬರೂ ಕುರ್ಚಿಯ ಸಮೇತ ಎತ್ತಿ ಡಬ್ಬಿಯೊಳಗೆ ಏರಿಸಿದರು.

“ಏನ ವೈನಿ,” ಎಂದ, ಕಿಟಕಿಯ ಪಕ್ಕದಲ್ಲಿ ಜಾಗ ಮಾಡಿ. “ಇವತ್ತು ಹತ್ತನೇ ವರ್ಗಕ್ಕ ಹೃದಯದ ಪಾಠ ಇತ್ತು. ನೀವು ರಜಾ ಕೊಡಿಸಿದ್ರಿ. ಹುಡುಗೂರು ನಿಮಗ ಹರಸ್ಲಿಕತ್ತಾವ.”

ನರ್ಮದೆ ನಗಲು ನೋಡಿದಳು, ಕೆಮ್ಮು ಬಂತು. ಕೆಮ್ಮಿದ ಕರವಸ್ತ್ರದಲ್ಲಿ ತೆಳುವಾದ ಕೆಂಪು ನೊರೆ ಇತ್ತು. ಧರ್ಮಣ್ಣ ಅದನ್ನು ನೋಡಿ ಮುಂದಿನ ಹಾಸ್ಯವನ್ನು ನುಂಗಿಕೊಂಡ. ಅವಳ ಮಣಿಕಟ್ಟನ್ನು ಹಿಡಿದು ನಾಡಿಯ ಮೇಲೆ ಬೆರಳಿಟ್ಟು ಹಾಗೆಯೇ ಕೂತ.

ಗಾಡಿ ಹೊರಟಿತು. ರಘೂತ್ತಮ ಅವಳ ಬೆನ್ನಿಗೆ ಕಿವಿಯಿಟ್ಟ. ಅಲ್ಲಿದ್ದದ್ದು ಗಾಡಿಯ ಸಪ್ಪಳ. ಹಳಿಯ ಒಂದೊಂದು ಜೋಡಣೆಯನ್ನು ಗಾಲಿ ದಾಟಿದಾಗಲೂ ಟಕ್ ಟಕ್, ಟಕ್ ಟಕ್. ಅವಳ ಬೆನ್ನೆಲುಬಿನಲ್ಲಿ, ಪಕ್ಕೆಯಲ್ಲಿ, ಅವನ ಸ್ವಂತ ಹಲ್ಲುಗಳಲ್ಲಿ ಅದೇ. ಒಮ್ಮೆ ಕೇಳಿತು ಅನ್ನಿಸುತ್ತಿತ್ತು. ಗಾಡಿ ನಿಧಾನವಾದರೆ ಅದೂ ನಿಧಾನವಾಗುತ್ತಿತ್ತು, ಆಗ ಅದು ಅವಳದಲ್ಲವೆಂದು ಗೊತ್ತಾಗುತ್ತಿತ್ತು.

ಹುಟ್ಟಿದಾಗಿನಿಂದ ಕೇಳಿ ಬೆಳೆದ ಕಿವಿ ಅವನದು. ಅಜ್ಜ ಅನ್ನುತ್ತಿದ್ದ ಶ್ಲೋಕಗಳಲ್ಲಿ ಒಂದು ಹ್ರಸ್ವ ದೀರ್ಘವಾದರೆ ಆಟ ಬಿಟ್ಟು ತಲೆಯೆತ್ತುತ್ತಿದ್ದ ಕಿವಿ. ಇಂದು ಒಂದು ಟಿಕ್ ಅನ್ನು ಬೇರ್ಪಡಿಸಿಕೊಡು ಎಂದು ಅದನ್ನೇ ಬೇಡಿಕೊಂಡ, ದೇವರನ್ನು ಬೇಡಿಕೊಂಡ, ಯಾರನ್ನು ಬೇಡುತ್ತಿದ್ದೇನೆಂಬುದೂ ತಿಳಿಯದಂತಾಯಿತು.

ಕುರಗುಂಟಾದಲ್ಲಿ ನಿಂತಾಗ ಕೇಳೋಣವೆಂದುಕೊಂಡಿದ್ದ. ನಿಂತ ಕೂಡಲೇ ಮಂದಿ ನುಗ್ಗಿದರು, ಕೂಗು, ಜಗಳ, ಕೋಳಿ. ತಾಂಡೂರಿನ ಸಂತೆಗೆ ಹೊರಟ ಒಬ್ಬ ಮುದುಕಿ ದೊಡ್ಡ ಗಂಟೊಂದನ್ನು ಅವರ ಎದುರಿಗೇ ಇಳಿಸಿದಳು. ಒದ್ದೆ ಅರಿವೆಯಿಂದ ಪುಂಡಿಪಲ್ಯದ ಎಲೆಗಳು ಇಣುಕಿದವು. ನರ್ಮದೆ ಅವನ್ನು ನೋಡುತ್ತಿದ್ದಳು.

“ಅತ್ತಿಗೆ ಏನೂ ಅನಬ್ಯಾಡ್ರಿ,” ಎಂದಳು. ಒಂದೊಂದು ಮಾತಿಗೂ ನಡುವೆ ಉಸಿರು ಬೇಕಾಗಿತ್ತು. “ನಾನೇ… ಇನ್ನೊಂದಿಷ್ಟು… ನೀಡ್ರಿ ಅಂತಿದ್ದೆ. ರುಚಿ ಆಗಿತ್ತು.”

“ಮಾತಾಡಬ್ಯಾಡ.”

ಗಾಡಿ ಮತ್ತೆ ಹೊರಟಿತು. ನರ್ಮದೆಯ ತುಟಿಗಳ ಬಣ್ಣ ಬದಲಾಗುತ್ತಿತ್ತು; ಉಗುರುಗಳದೂ. ಧರ್ಮಣ್ಣ ರಘೂತ್ತಮನ ಕಡೆ ನೋಡಿದ. ಕಣ್ಣಲ್ಲೇ ಕೇಳಿದ. ರಘೂತ್ತಮ ತಲೆಯಲ್ಲಾಡಿಸಿದ: ಇಲ್ಲ, ಕೇಳಿಸುತ್ತಿಲ್ಲ. ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

“ನಾಡಿ ಅದ,” ಎಂದ ಧರ್ಮಣ್ಣ. “ಸಣ್ಣಗ ಅದ. ಭಾಳ ಜೋರ ಓಡ್ಲಿಕತ್ತದ. ಆದ್ರ ಇದರಿಂದ ಬಾಗಲಾ ತಗದದೋ ಇಲ್ಲೋ ನನಗ ತಿಳಿಯಂಗಿಲ್ಲ ಆಚಾರ್ರ. ಇಪ್ಪತ್ತು ವರ್ಷ ಪಾಠ ಮಾಡೀನಿ. ತಿಳಿಯಂಗಿಲ್ಲ.”

ಆಗ ಗಾಡಿ ನಿಂತಿತು. ಸ್ಟೇಷನ್ನಿನಲ್ಲಿ ಅಲ್ಲ, ಹೊಲಗಳ ನಡುವೆ. ಎರಡೂ ಕಡೆ ಮಳೆಯಲ್ಲಿ ತೊಯ್ದ ತೊಗರಿ. ಮುಂದೆ ತಾಂಡೂರಿನ ಸಿಗ್ನಲ್ ಕೆಂಪಾಗಿತ್ತು.

ಧರ್ಮಣ್ಣ ಎದ್ದ. “ತಾಂಡೂರಿನಾಗ ಇಳದ್ರ ಒಂದೀಟು ಹೊತ್ತು ಗಾಡಿ ನಿಲ್ಲಸ್ರಿ ಅಂತ ಗಾರ್ಡಗ ಹೇಳಿ ಬರತೀನಿ. ಮುಂದಿಂದು ತಾಂಡೂರು. ಇಳಿಯೂದೋ, ಹೋಗೂದೋ, ನಾ ಬರೋದರಾಗ ಕೇಳಿಡ್ರಿ.” ಕೆಳಗೆ ಜಿಗಿದು ಹಳಿಯ ಪಕ್ಕದ ಕಂಕರಿ ಕಲ್ಲುಗಳ ಮೇಲೆ ಓಡಿದ.

ಡಬ್ಬಿಯಲ್ಲಿ ಮಾತು, ಬೀಡಿ, ಅಳುವ ಕೂಸು. ರಘೂತ್ತಮ ಎದ್ದು ನಿಂತ. ಹೆಚ್ಚು ಮಾತಿನವನಲ್ಲ ಅವನು. ತರಗತಿಯಲ್ಲಿಯೂ ದನಿ ಎತ್ತಿದವನಲ್ಲ. ಎರಡೂ ಕೈ ಜೋಡಿಸಿದ.

“ಒಂದು ಗಳಿಗಿ ಎಲ್ಲಾರೂ ಸುಮ್ಮನಿರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಈಕಿ ಎದಿ ಕೇಳಬೇಕು.”

ಮಂದಿ ಬೆರಗಾಗಿ ನೋಡಿದರು. ಪಲ್ಯದ ಮುದುಕಿ ನರ್ಮದೆಯ ಮುಖ ನೋಡಿದಳು, ಆಮೇಲೆ ಹಿಂದಕ್ಕೆ ತಿರುಗಿ, “ಬಾಯಿ ಮುಚ್ಚರಲೇ,” ಎಂದಳು. ಕೂಸಿನ ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು. ಮಾತು ಒಂದೊಂದಾಗಿ ಇಳಿದು ಹೋಯಿತು.

ಅವನು ಮೊಣಕಾಲೂರಿ ಅವಳ ಎದೆಗೆ, ಹೊಲಿಗೆಯ ಕಲೆಯ ಎಡಕ್ಕೆ, ಕಿವಿ ಒತ್ತಿದ. ಮೊದಲು ಕೇಳಿದ್ದು ನೀರು. ಪ್ರತಿ ಉಸಿರಿನ ತುದಿಯಲ್ಲಿ ನೊರೆ ಒಡೆಯುವ ಸದ್ದು. ಅದರ ಕೆಳಗೆ ಓಡುವ ಒಂದು ಭಾರವಾದ ದಡಬಡ. ಅದರ ಕೆಳಗೆ? ಕಣ್ಣು ಮುಚ್ಚಿದ. ಉಸಿರು ಬಿಗಿಹಿಡಿದ. ಸಣ್ಣಗೆ ಏನೋ ಒಂದು ಟಿಕ್ ಎಂದಿತು. ಅವಳೊಳಗಿನದೇ? ಕೆಳಗೆ ತಣ್ಣಗಾಗುತ್ತಿದ್ದ ಗಾಲಿಯ ಕಬ್ಬಿಣದ್ದೇ? ಇನ್ನೊಂದು ಬೇಕು. ಇನ್ನೊಂದೇ ಒಂದು.

ಅವಳ ಕೈ ಅವನ ತಲೆಯ ಮೇಲೆ ಬಂತು.

“ಗಿಂಡಿ… ಚೀಲದಾಗದ. ಅತ್ತಿ ಇಟ್ಟದ್ದು… ನಾ ನೋಡೀನಿ.”

ಅವಳ ದನಿ ಎದೆಯೊಳಗೆಲ್ಲ ಮೊಳಗಿ, ಅವನು ಹುಡುಕುತ್ತಿದ್ದದ್ದು ಮುಳುಗಿ ಹೋಯಿತು. ಅವನು ಕಿವಿ ತೆಗೆಯಲಿಲ್ಲ.

“ಒಂದು ಹನಿ ಹಾಕ್ರಿ. ಮುಂಜಾನೆ ಅರ್ಧಕ್ಕ ಬಿಟ್ಟೀರಲ್ಲ… ಅದನ್ನ ಅಂದು ಮುಗಸ್ರಿ. ಕೇಳಕೋತ ಇರತೀನಿ. ನನಗ… ಅಂಜಿಕಿ ಆಗ್ಲಿಕತ್ತದ.”

ಬಿಟ್ಟ ಶ್ಲೋಕ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗಿನಿಂದ ಅಲ್ಲೇ ಕೂತಿತ್ತು. ತಂದೆಯ ಕಿವಿಯಲ್ಲಿ ಅದನ್ನು ಅಂದು ಮುಗಿಸಿದವನು ಅವನೇ. ಮುಗಿದ ಮೇಲೆ ಆ ಕಿವಿ ಏನನ್ನೂ ಕೇಳಿರಲಿಲ್ಲ. ಜೀವ ಹೋಗುವವರು ಕೇಳಿದರೆ ಇಲ್ಲವೆನ್ನಬಾರದು ಎಂದು ಅವನ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ಹೊರಗೆ ಧರ್ಮಣ್ಣ ಕಂಕರಿಯ ಮೇಲೆ ಹೊಳ್ಳಿ ಓಡಿ ಬರುವ ಸದ್ದು. ಸಿಗ್ನಲ್ ಈಗಲೋ ಆಗಲೋ ಬೀಳುತ್ತದೆ. ಈ ನಿಶ್ಶಬ್ದ ಇನ್ನು ಸಿಗುವುದಿಲ್ಲ.

“ಅನ್ರಿ,” ಎಂದಳು ನರ್ಮದೆ.

“ಅನ್ನಂಗಿಲ್ಲ,” ಎಂದ ರಘೂತ್ತಮ, ಕಿವಿಯನ್ನು ಇನ್ನೂ ಒತ್ತಿ. “ನಾ ಅನ್ನಂಗಿಲ್ಲ. ಸುಮ್ಮನಿರು.”